ನಾಲ್ಕನೇ ಟ್ರ್ಯಾಕು

ಆ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕೋರಿ ರೊಟ್ಟಿ ಇತ್ತು, ಕೋಳಿ ಗಸಿಗೆ ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಅಮ್ಮ ಬಟ್ಟೆ ಬದಲಾಯಿಸಲೂ ಇಲ್ಲ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಸೀದಾ ಅಡುಗೆಮನೆಗೆ ಹೋದಳು. ಒಂದೂವರೆಯ ಒಳಗೆ ಮಸಾಲೆ ಅರೆದು, ಕೋಳಿ ಬೇಯಿಸಿ, ಪಾತ್ರೆ ತೊಳೆದು ಆಗಬೇಕಿತ್ತು. ಆಮೇಲೆ ಅಲ್ ನಹ್ದಾದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ನಲ್ಲಿ ಬಿಡುವಂತಿಲ್ಲ, ಫ್ಲಶ್ ಎಳೆಯುವಂತಿಲ್ಲ. ಫ್ರಿಜ್ಜಿನ ಪ್ಲಗ್ ಕೂಡ ಕೀಳುತ್ತಿದ್ದರು. ಕೊನೆಗೆ ಎಸಿ ಬಂದ್ ಆಗುತ್ತಿತ್ತು. ಜೂನ್ ತಿಂಗಳಲ್ಲಿ ದುಬೈಯಲ್ಲಿ ಎಸಿ ಬಂದ್ ಮಾಡಿ, ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲು ಹಾಕಿಕೊಂಡು ಕೂರುವುದು ಏನೆಂದು ಕೂತವರಿಗೆ ಮಾತ್ರ ಗೊತ್ತು. ಇಷ್ಟೆಲ್ಲ ಮಾಡುತ್ತಿದ್ದದ್ದು ಪಪ್ಪನ ಬ್ಯಾಂಡಿನ ಹಾಡುಗಳನ್ನು ರೆಕಾರ್ಡ್ ಮಾಡುವುದಕ್ಕೆ. ಅವತ್ತು ಹನ್ನೊಂದನೆಯದು, ಕೊನೆಯ ಹಾಡು. ನನಗೆ ಹತ್ತು ವರ್ಷ. ಮುಂದಿನ ಮಂಗಳವಾರ ಅಮ್ಮ ನನ್ನ ಶಾಲೆಯ ಬಸ್ಸಿಗೆ ಕಾಯುತ್ತಾ ನಿಂತಲ್ಲೇ ಕುಸಿದು ಬಿದ್ದಳು. ಗುರುವಾರ ತೀರಿಕೊಂಡಳು. ಆದರೆ ಶುಕ್ರವಾರ ನಮ್ಮ ಮನೆಯ ದೊಡ್ಡ ಸಮಸ್ಯೆ ಎಂದರೆ ರೊಟ್ಟಿಯ ಸದ್ದು.

"ಬಾಯಮ್ಮ, ಇವತ್ತೇ ರೊಟ್ಟಿ ಮಾಡ್ಬೇಕಿತ್ತಾ ನೀವು? ಈ ಕರಕರ ರೆಕಾರ್ಡಿಗೆ ಬಿದ್ರೆ ಪೊರ್ಬುಗಳು ನನ್ನನ್ನು ಕೊಲ್ತಾರೆ" ಎಂದರು ಹಮೀದ್ ಅಂಕಲ್.

"ಗಸಿಯಲ್ಲಿ ಸರೀ ಅದ್ದಿ ಹಮೀದಣ್ಣ. ಮೆತ್ತಗಾಗ್ತದೆ" ಎಂದಳು ಅಮ್ಮ.

"ಮೆತ್ತಗೆ ಮಾಡಿ ತಿನ್ಲಿಕ್ಕೆ ರೊಟ್ಟಿ ಯಾಕೆ? ಗಂಜಿ ಕೊಟ್ರೆ ಸಾಕಿತ್ತಲ್ಲ?"

"ಬೇಗ ಮುಗಿಸುವ ಮಾರಾಯ್ರೆ. ಅಸರ್ ಬಾಂಗಿನ ಒಳಗೆ ಎಲ್ಲ ಆಗ್ಬೇಕು. ಯಲ್ಲಾ" ಎಂದರು ಪಪ್ಪ. ಅವರ ತಟ್ಟೆ ಆಗಲೇ ಖಾಲಿ. ಇಳಿಹೊತ್ತಿನ ಅಸರ್ ನಮಾಜಿಗೆ ಪಕ್ಕದ ಮಸೀದಿಯಲ್ಲಿ ಕೂಗುವ ಬಾಂಗು ರೆಕಾರ್ಡಿಗೆ ಬೀಳುತ್ತಿತ್ತು.

ಹಮೀದ್ ಅಂಕಲ್ ಉಳ್ಳಾಲದ ಕಡೆಯ ಬ್ಯಾರಿ. ಬರ್ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಜುಮಾ ನಮಾಜು ಮುಗಿಸಿ, ಕಿಸೆಯಲ್ಲಿ ಮೌತ್ ಆರ್ಗನ್ ಇಟ್ಟುಕೊಂಡು ಬರುತ್ತಿದ್ದರು. ನಮ್ಮಂಥ ಕೊಂಕಣಿ ಕ್ರೈಸ್ತರನ್ನು ಊರ ಕಡೆ ಕರೆಯುವ ಹಾಗೆ ಪಪ್ಪನನ್ನು ಪೊರ್ಬುಗಳು, ಅಮ್ಮನನ್ನು ಬಾಯಮ್ಮ ಎಂದು ತಮಾಷೆಗೆ ಕರೆಯುತ್ತಿದ್ದರು. ಅವರು ಬರುವ ದಿನ ನಮ್ಮ ಮನೆಯಲ್ಲಿ ಹಂದಿ ಮಾಂಸ ಬೇಯಿಸುತ್ತಿರಲಿಲ್ಲ. ಅದರ ಪಾತ್ರೆಯನ್ನು ಅಮ್ಮ ಬಾಲ್ಕನಿಯಲ್ಲಿ ಬೇರೆ ಇಡುತ್ತಿದ್ದಳು. ಇನ್ನೊಬ್ಬರು ಫೆಲಿಕ್ಸ್ ಅಂಕಲ್. ಪಪ್ಪ ಎಸಿ ಮೆಕ್ಯಾನಿಕ್ ಆಗಿದ್ದ ಹೋಟೆಲಿನಲ್ಲೇ ಅವರು ವೇಟರ್. ಹಾಡುವುದು ಅವರು, ಗುಮಟೆ ಬಾರಿಸುವುದೂ ಅವರೇ. ಗುಮಟೆ ಎಂದರೆ ಬಾಯಿಗೆ ಚರ್ಮ ಬಿಗಿದ ಮಣ್ಣಿನ ಮಡಕೆ. ಗಿಟಾರು ಪಪ್ಪನದು. ಪಪ್ಪ ಮತ್ತು ಫೆಲಿಕ್ಸ್ ಅಂಕಲ್ ಮೊದಲು ಜೊತೆಯಾಗಿ ನುಡಿಸಿದ್ದು ಹೋಟೆಲಿನ ನೆಲಮಾಳಿಗೆಯಲ್ಲಿ, ಎಸಿಯ ದೊಡ್ಡ ಯಂತ್ರಗಳಿರುವ ಕೋಣೆಯಲ್ಲಿ. ಹಾಗಾಗಿ ಬ್ಯಾಂಡಿಗೆ ಪ್ಲಾಂಟ್ ರೂಮ್ ಬ್ಯಾಂಡ್ ಎಂದು ಹೆಸರಾಯಿತು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಹಮೀದ್ ಅಂಕಲ್ ಬಂದಾಗ ಎಲ್ಲರೂ ಕನ್ನಡಕ್ಕೋ ತುಳುವಿಗೋ ತಿರುಗುತ್ತಿದ್ದರು. ನಾನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಪಪ್ಪನಿಗೆ ಈ ಸಂಗೀತ ಹತ್ತಿದ್ದು ಸೋರುವ ಎಸಿಯಿಂದ. ಹೋಟೆಲಿನ ಲೌಂಜಿನಲ್ಲಿ ಒಂದು ಚಳಿಗಾಲಕ್ಕೆ ಹಾಡಲು ಅಮೆರಿಕದಿಂದ ಒಬ್ಬ ಕಪ್ಪು ಮುದುಕರು ಬಂದಿದ್ದರಂತೆ. ಅವರ ಕೋಣೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಪಪ್ಪ ಏಣಿ ಹತ್ತಿ ಪೈಪು ಬಿಚ್ಚುತ್ತಿದ್ದರೆ, ಕೆಳಗೆ ಮಂಚದ ಮೇಲೆ ಕೂತ ಆ ಮುದುಕರು ಬೆರಳಿಗೆ ಬಾಟಲಿಯ ಕುತ್ತಿಗೆ ಸಿಕ್ಕಿಸಿಕೊಂಡು ಗಿಟಾರಿನ ತಂತಿಯ ಮೇಲೆ ಜಾರಿಸುತ್ತಾ ಹಾಡುತ್ತಿದ್ದರು. ಒಂದು ಸಾಲು ಹೇಳುವುದು, ಅದೇ ಸಾಲನ್ನು ಇನ್ನೊಮ್ಮೆ ಹೇಳುವುದು, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಇದು ಕಂಟ್ರಿ ಬ್ಲೂಸ್, ಹತ್ತಿಯ ಹೊಲಗಳಲ್ಲಿ ದುಡಿದ ನಮ್ಮ ಅಜ್ಜಂದಿರ ಹಾಡು ಎಂದರಂತೆ. ಹತ್ತು ನಿಮಿಷದ ಕೆಲಸಕ್ಕೆ ಪಪ್ಪ ಒಂದು ಗಂಟೆ ಏಣಿಯ ಮೇಲೆ ನಿಂತರು. ಮರುದಿನವೇ ಎಸಿಯ ತಾಮ್ರದ ಪೈಪಿನ ತುಂಡೊಂದನ್ನು ಕತ್ತರಿಸಿ, ಅಂಚು ಉಜ್ಜಿ, ಕಿರುಬೆರಳಿಗೆ ಹಾಕಿಕೊಂಡರು. ಆ ಚಳಿಗಾಲವಿಡೀ ಆ ಕೋಣೆಯ ಎಸಿ ಆಗಾಗ ಸೋರುತ್ತಿತ್ತು ಎಂದು ಫೆಲಿಕ್ಸ್ ಅಂಕಲ್ ಕಣ್ಣು ಹೊಡೆದು ಹೇಳುತ್ತಿದ್ದರು.

ಮನೆಗೆ ಬಂದು ಪಪ್ಪ ಅಮ್ಮನಿಗೆ ಹೇಳಿದ್ದು ಒಂದೇ ಮಾತು: ಇದು ನಿಮ್ಮ ಮನೆಯ ವೊವಿಯೊ ಇದ್ದ ಹಾಗೇ ಉಂಟು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಇದೆ, ರೋಸ್ ಎನ್ನುತ್ತೇವೆ. ಆಗ ಹೆಂಗಸರು ಹೇಳುವ ಹಾಡುಗಳೇ ವೊವಿಯೊ. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನು ತಿರುಗಿ ಹೇಳುತ್ತಾರೆ. ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಬಗ್ಗಿಸಿ, ಕೆಳಕ್ಕೆ ಇಳಿಸಿ ಬಿಡುವುದರಲ್ಲೇ ಎಲ್ಲ ಇರುವುದು. ಕಿನ್ನಿಗೋಳಿಯ ಹತ್ತಿರದ ಅಮ್ಮನ ತವರಿನಲ್ಲಿ ಸಾಲು ಎತ್ತಿಕೊಡುವವರು ಅವಳ ಅಜ್ಜಿ. ಅಜ್ಜಿಯ ನಂತರ ಅಮ್ಮ. ಪಪ್ಪನ ಯೋಜನೆ ಇಷ್ಟು: ಅಮ್ಮನ ವೊವಿಯೊ ರಾಗಗಳನ್ನು ಬ್ಲೂಸಿನಲ್ಲಿ ಕೂರಿಸಬೇಕು. ತಾಮ್ರದ ಪೈಪು ಅಮ್ಮನ ಎಳೆತವನ್ನು ಹಿಡಿಯಬೇಕು, ಫೆಲಿಕ್ಸ್ ಹಾಡಬೇಕು, ಹಮೀದ್ ಅಂಕಲರ ಮೌತ್ ಆರ್ಗನ್ ಉತ್ತರ ಹೇಳಬೇಕು. ಅಮ್ಮನೇ ಹಾಡಬಹುದಲ್ಲ ಎಂದು ಕೇಳಿದ್ದು ಹಮೀದ್ ಅಂಕಲ್ ಒಬ್ಬರೇ. ಬ್ಯಾಂಡಿಗೆ ಗಂಡಸಿನ ಧ್ವನಿ ಸರಿ ಎಂದು ಪಪ್ಪ ಅಂದರು. ಅಮ್ಮನೂ ತಯಾರಿರಲಿಲ್ಲ. ಮದುವೆ ಇಲ್ಲದ ಮನೆಯಲ್ಲಿ ವೊವಿಯೊ ಹೇಳಬಾರದೆಂದು ಅವಳ ಅಜ್ಜಿ ಕಲಿಸಿದ್ದರು. ಆದರೆ ಫೆಲಿಕ್ಸ್ ಅಂಕಲ್ ಕಲಿಯಬೇಕಲ್ಲ? ಅದಕ್ಕೆ ಒಂದು ಒಪ್ಪಂದವಾಯಿತು. ಅಮ್ಮ ಮೊದಲು ಹಾಡಿ ಕೊಡುವುದು, ಫೆಲಿಕ್ಸ್ ಅಂಕಲ್ ಅದನ್ನು ಕಿವಿಯಲ್ಲಿ ಕೇಳುತ್ತಾ ಹಾಡುವುದು. ಇದಕ್ಕೆ ಪಪ್ಪ 'ಗೈಡ್' ಎನ್ನುತ್ತಿದ್ದರು.

"ಇದು ಹಾಡುವುದಲ್ಲ, ತೋರಿಸಿ ಕೊಡುವುದು ಮಾತ್ರ. ಫೆಲಿಕ್ಸ್‌ದು ಆದ ಕೂಡ್ಲೆ ನನ್ನದು ತೆಗೀಬೇಕು. ಒಂದು ಸ್ವರ ಉಳೀಬಾರ್ದು" ಎಂದಳು ಅಮ್ಮ.

"ಯಾಕೆ ಹಿಲ್ಡಾ, ಚಂದ ಇರ್ತದಲ್ಲ?"

"ಚಂದದ್ದಲ್ಲ ವಿಷಯ. ವೊವಿಯೊ ಹೇಳ್ಬೇಕಾದ್ರೆ ಎದುರು ಮದುಮಗಳು ಬೇಕು, ಹಿಂದೆ ಹತ್ತು ಹೆಂಗಸರು ಬೇಕು. ಇಲ್ಲಿ ನನ್ನ ಹಿಂದೆ ಯಾರಿದ್ದಾರೆ? ಈ ಹುಲಿಯಾ?"

ಹುಲಿ ಎಂದರೆ ಬೆಡ್‌ರೂಮಿನ ಬಾಗಿಲಿಗೆ ತೂಗುಹಾಕಿದ್ದ ದಪ್ಪ ಕಂಬಳಿಯ ಹುಲಿ. ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಹೊತ್ತೊಯ್ಯುತ್ತಿದ್ದ ಕಂಬಳಿ ಅದು. ಊರಿಗೆಂದು ಕೊಂಡದ್ದು ನಮ್ಮಲ್ಲಿ ಸದ್ದು ತಡೆಯಲು ಉಳಿಯಿತು. ಅಮ್ಮ ಕಪಾಟಿನ ಎರಡೂ ಬಾಗಿಲು ತೆರೆದು, ಮುಖವನ್ನು ಬಟ್ಟೆಗಳ ಕಡೆ ಮಾಡಿ ನಿಲ್ಲುತ್ತಿದ್ದಳು. ಗೋಡೆಗೆ ಬಡಿದು ಧ್ವನಿ ವಾಪಸ್ ಬರಬಾರದೆಂದು ಪಪ್ಪ ಹಾಗೆ ನಿಲ್ಲಿಸುತ್ತಿದ್ದರು. ಪಪ್ಪನ ಹೋಟೆಲಿನ ನೀಲಿ ಯೂನಿಫಾರ್ಮಿನ ತೋಳು ಹಿಡಿದುಕೊಂಡು, ನನ್ನ ಶಾಲೆಯ ಸ್ಕರ್ಟುಗಳಿಗೆ, ತನ್ನ ಎರಡು ರೇಷ್ಮೆ ಸೀರೆಗಳಿಗೆ ಅವಳು ವೊವಿಯೊ ಹೇಳುತ್ತಿದ್ದಳು. ನಾನು ಅವಳ ಹಿಂದೆ, ಕಿಟಕಿಯ ಬಳಿ. ನನಗೆ ಎರಡು ಕೆಲಸ. ಒಂದು, ಮಷಿನಿನ ಗುಂಡಿ. ಅದು ತಿಂಡಿ ಡಬ್ಬಿಯಷ್ಟು ದೊಡ್ಡದಾದ, ನಾಲ್ಕು ಟ್ರ್ಯಾಕುಗಳ ಹಳೆಯ ಮಷಿನು. ಒಂದನೆಯದರಲ್ಲಿ ಮೈಕಿಲ್ಲದೆ ನೇರ ವೈರಿನಿಂದಲೇ ಹೋಗುತ್ತಿದ್ದ ಗಿಟಾರು, ಎರಡನೆಯದರಲ್ಲಿ ಗುಮಟೆ, ಮೂರನೆಯದರಲ್ಲಿ ಫೆಲಿಕ್ಸ್ ಅಂಕಲ್, ನಾಲ್ಕನೆಯದರಲ್ಲಿ ಅಮ್ಮ. ಫೆಲಿಕ್ಸ್ ಅಂಕಲರದು ಮುಗಿದ ಮೇಲೆ ಹಮೀದ್ ಅಂಕಲಿಗೆ ಜಾಗ ಬೇಕು. ಬೇರೆ ಟ್ರ್ಯಾಕ್ ಇಲ್ಲ. ನಾಲ್ಕನೆಯದರ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಮೌತ್ ಆರ್ಗನ್ ಒಳಗೆ ಹೋಗುತ್ತಿದ್ದ ಹಾಗೆ ಅಮ್ಮ ಅಳಿಸಿ ಹೋಗುತ್ತಿದ್ದಳು. ಅವಳು ಹೇಳಿದಂತೆಯೇ. ಒತ್ತುತ್ತಿದ್ದದ್ದು ನಾನು.

ಎರಡನೆಯ ಕೆಲಸ ವಿಮಾನ ಕಾಯುವುದು. ಏರ್‌ಪೋರ್ಟ್ ಹತ್ತಿರವೇ ಇದ್ದುದರಿಂದ ನಮ್ಮ ಕಟ್ಟಡದ ಮೇಲೆ ವಿಮಾನಗಳು ಹೋಗುತ್ತಲೇ ಇದ್ದವು. ಹಾಸಿಗೆಯ ಅಂಚಿನ ಸಂದಿಯಿಂದ ಆಕಾಶ ನೋಡುತ್ತಾ, ಸದ್ದು ದೂರದಲ್ಲಿದ್ದಾಗಲೇ ನಾನು ಕೈ ಎತ್ತಬೇಕು. ಕೈ ಎತ್ತಿದರೆ ಹಾಡು ನಿಲ್ಲುತ್ತಿತ್ತು. ಅದರಲ್ಲಿ ನಾನು ಎಷ್ಟು ಚುರುಕಾಗಿದ್ದೆ ಎಂದರೆ ದೊಡ್ಡ ವಿಮಾನ, ಸಣ್ಣ ವಿಮಾನ ಎಂದು ಸದ್ದಿನಲ್ಲೇ ಹೇಳುತ್ತಿದ್ದೆ. ಇವತ್ತಿಗೂ ಹೇಳಬಲ್ಲೆ. ಅಮ್ಮನ ಹಾಡನ್ನು ಮಾತ್ರ ನೆನಪಿನಿಂದ ಹೇಳಲಾರೆ. ಹನ್ನೊಂದು ಶುಕ್ರವಾರ ಅವಳಿಂದ ಆರು ಅಡಿ ದೂರದಲ್ಲಿ ನಿಂತು ನಾನು ಕೇಳಿದ್ದು ಅವಳನ್ನಲ್ಲ, ವಿಮಾನಗಳನ್ನು. ಅವಳ ಬೆನ್ನು ನೆನಪಿದೆ. ಬೆವರಿಗೆ ಅಂಟಿದ ಬಟ್ಟೆ, ಎಳೆಯುವ ಸಾಲು ಬಂದಾಗ ಒಂದು ಪಕ್ಕಕ್ಕೆ ಇಳಿಯುತ್ತಿದ್ದ ಎಡಭುಜ, ಬಾಚಣಿಗೆಯ ಕ್ಲಿಪ್ಪಿನಿಂದ ಜಾರಿದ ಕೂದಲು ನೆನಪಿದೆ. ಧ್ವನಿ ಇಲ್ಲದ ಸಿನಿಮಾದಂತೆ.

ಆ ಕೊನೆಯ ಶುಕ್ರವಾರ ಅಮ್ಮ ಬೇರೆ ರೀತಿ ಹಾಡಿದಳು. ಎಂದಿನಂತೆ ತಗ್ಗಿಸಿದ ದನಿಯಲ್ಲಿ ಶುರು ಮಾಡಿ, ಎರಡನೆಯ ಪದ್ಯಕ್ಕೆ ಬರುವಾಗ ಗಂಟಲು ಬಿಟ್ಟಳು. ಮದುಮಗಳು ತಾಯಿಮನೆಯ ಹೊಸ್ತಿಲು ದಾಟುವ ಪದ್ಯ ಅದು. ಪಪ್ಪನ ಕೈ ಗಿಟಾರಿನ ಮೇಲೆ ಒಂದು ಕ್ಷಣ ತಡೆದು, ಮತ್ತೆ ಹಿಡಿದುಕೊಂಡಿತು. ಮುಗಿದಾಗ ಯಾರೂ 'ಖಲಾಸ್' ಎನ್ನಲಿಲ್ಲ. ಫೆಲಿಕ್ಸ್ ಅಂಕಲ್ ಮಾತ್ರ "ಇದನ್ನು ನಾನು ಹೇಗೆ ಹಾಡುವುದು ಅಕ್ಕ?" ಎಂದರು. ಅಮ್ಮ ನಕ್ಕು, ಮುಖ ಒರೆಸಿಕೊಂಡು, ಲಿಂಬೆ ಶರಬತ್ತು ಮಾಡಲು ಹೋದಳು. ಇಷ್ಟು ನನಗೆ ಗೊತ್ತು, ಏಕೆಂದರೆ ಇದೆಲ್ಲ ನಡೆದದ್ದು ನನ್ನ ಕಣ್ಣಿನ ಮುಂದೆ. ಗಂಟಲು ಬಿಟ್ಟಾಗ ಅದು ಹೇಗಿತ್ತು ಎಂದು ಕೇಳಿದರೆ, ಆಗ ಒಂದು ವಿಮಾನ ಬರುವುದೋ ಬೇಡವೋ ಎನ್ನುವಂತಿತ್ತು, ನಾನು ಅದನ್ನೇ ಗಮನಿಸುತ್ತಿದ್ದೆ.

ಫೆಲಿಕ್ಸ್ ಅಂಕಲ್ ಹಾಡಿ, ಗುಮಟೆ ಬಾರಿಸಿ ಮುಗಿಸುವಾಗ ಮೂರು ಗಂಟೆ ದಾಟಿತ್ತು. ಅಸರ್ ಬಾಂಗಿಗೆ ಹತ್ತು ನಿಮಿಷವೋ ಏನೋ ಬಾಕಿ. ಕೋಣೆ ಬೇಯುತ್ತಿತ್ತು. ನನ್ನ ಕುತ್ತಿಗೆಯ ತುಂಬ ಬೆವರುಸಾಲೆ. ಹಮೀದ್ ಅಂಕಲ್ ಮೌತ್ ಆರ್ಗನ್ನನ್ನು ಅಂಗೈಗೆ ಬಡಿದು ಸಿದ್ಧವಾಗಿದ್ದರು. ಆಗ ಅಮ್ಮ ಹುಲಿ ಕಂಬಳಿಯನ್ನು ಸರಿಸಿ ಒಳಗೆ ಬಂದಳು. ಕೈಯಲ್ಲಿ ಸಕ್ಕರೆಯ ಚಮಚ.

"ಸ್ವಲ್ಪ ನಿಲ್ಲಿ. ಇದನ್ನು ನನಗೊಮ್ಮೆ ಕೇಳ್ಬೇಕು."

ಅವಳು ಹಾಗೆ ಯಾವತ್ತೂ ಕೇಳಿದವಳಲ್ಲ.

"ಫೆಲಿಕ್ಸ್‌ದಾ? ಆಮೇಲೆ ಕೇಳುವ" ಎಂದರು ಪಪ್ಪ.

"ಫೆಲಿಕ್ಸ್‌ದಲ್ಲ. ನಂದು."

"ಹಿಲ್ಡಾ, ಬಾಂಗ್ ಆಗ್ತದೆ ಈಗ. ಮುಂದಿನ ಶುಕ್ರವಾರ ಕೇಳುವ."

"ಮುಂದಿನ ಶುಕ್ರವಾರ ಅದು ಎಲ್ಲಿರ್ತದೆ? ಇವರು ಊದಿದ್ರೆ ಹೋಯ್ತಲ್ಲ?"

"ಕೇಳ್ಲಿ ಪೊರ್ಬುಗಳೇ" ಎಂದರು ಹಮೀದ್ ಅಂಕಲ್. "ನಾಲ್ಕು ನಿಮಿಷದಲ್ಲಿ ನಾವೇನು ಬೆಂದು ಹೋಗುದಿಲ್ಲ. ಬೆಂದಾಗಿದೆ."

ಪಪ್ಪ ಗಡಿಯಾರ ನೋಡಿದರು. ನನಗೆ ತಡೆಯಲಾಗಲಿಲ್ಲ. ಹಮೀದ್ ಅಂಕಲ್ ನುಡಿಸಿದರೆ ಮುಗಿಯಿತು, ಎಸಿ ಹಾಕಬಹುದು. ನಾನು "ಮಮ್ಮಿ, ಪ್ಲೀಸ್! ಇಟ್ಸ್ ಸೋ ಹಾಟ್!" ಎಂದವಳೇ ನಾಲ್ಕನೆಯ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ದೀಪ ಹತ್ತಿದ ಮೇಲೆ ಯಾರೂ ಉಸಿರೆತ್ತಬಾರದು. ಅದು ನಮ್ಮ ಮನೆಯ ಕಾನೂನು, ಪಪ್ಪನಿಗೂ ಅದೇ. ಅಭ್ಯಾಸದ ಬಲದಿಂದ ಹಮೀದ್ ಅಂಕಲ್ ಬಾಯಿಗೆ ಮೌತ್ ಆರ್ಗನ್ ಇಟ್ಟುಬಿಟ್ಟರು. ಅಮ್ಮ ಏನೋ ಹೇಳಲು ತೆರೆದ ಬಾಯಿಯನ್ನು ಮುಚ್ಚಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು, ಟೇಕ್ ಕೆಟ್ಟು ಎಲ್ಲರೂ ನಿಲ್ಲುತ್ತಿದ್ದರು. ಚಮಚವನ್ನು ಕೆಳಗೆ ಬೀಳಿಸಿದ್ದರೂ ಸಾಕಿತ್ತು. ಅವಳು ಚಮಚವನ್ನು ಇನ್ನೂ ಬಿಗಿಯಾಗಿ ಹಿಡಿದು, ನನ್ನ ಕಡೆ ಹುಬ್ಬು ಏರಿಸಿ, ಹಾಡು ಮುಗಿಯುವ ತನಕ ಅಲ್ಲಾಡದೆ ನಿಂತಳು. ಹಮೀದ್ ಅಂಕಲ್ ಒಂದೇ ಟೇಕಿಗೆ ಮುಗಿಸಿದರು. ಇಡೀ ಹನ್ನೊಂದು ಹಾಡುಗಳಲ್ಲಿ ಅವರು ಅಷ್ಟು ಚೆನ್ನಾಗಿ ಬೇರೆ ಎಲ್ಲೂ ನುಡಿಸಿಲ್ಲ.

"ಸಮಾಧಾನ ಆಯ್ತಾ ಮಾರಾಯ್ತಿ? ಹೋಗು, ಎಸಿ ಹಾಕು" ಎಂದಳು ಅಮ್ಮ. ನಾನು ಓಡಿ ಹೋಗಿ ಎಸಿ ಹಾಕಿ, ಅದರ ಕೆಳಗೆ ಕೈ ಅಗಲಿಸಿ ನಿಂತೆ. ಅವಳು ಶರಬತ್ತಿನ ಲೋಟ ತಂದು ಕೊಟ್ಟಳು. ಫ್ರಿಜ್ಜಿನ ಪ್ಲಗ್ ಹಾಕಲು ಯಾರೋ ಮರೆತಿದ್ದರು, ಅದಕ್ಕೆ ಪಪ್ಪನಿಗೂ ಅಮ್ಮನಿಗೂ ಸ್ವಲ್ಪ ಜಗಳವಾಯ್ತು, ಹಾಲು ಒಡೆದಿತ್ತು. ಶನಿವಾರ, ಭಾನುವಾರ, ಸೋಮವಾರ ಏನಾಯಿತೆಂದು ನನಗೆ ನೆನಪಿಲ್ಲ. ಏನೂ ಆಗಿರಲಿಕ್ಕಿಲ್ಲ.

ಮಿದುಳಿನ ರಕ್ತನಾಳ ಒಡೆದಿತ್ತು ಎಂದರು. ಪೆಟ್ಟಿಗೆಯ ಜೊತೆ ನಾವು ಊರಿಗೆ ಹೋದೆವು. ಪಪ್ಪ ಹದಿನೈದು ದಿನಕ್ಕೆ ದುಬೈಗೆ ವಾಪಸ್ ಹೋದರು, ನಾನು ಹೋಗಲಿಲ್ಲ. ಕಿನ್ನಿಗೋಳಿಯಲ್ಲಿ ಅಮ್ಮನ ತಂಗಿಯ ಮನೆಯಲ್ಲಿ ಉಳಿದು ಕನ್ನಡ ಮಾಧ್ಯಮದ ಶಾಲೆಗೆ ಸೇರಿದೆ. ಆ ಕನ್ನಡದಿಂದ ನನಗೆ ಅಮ್ಮ ವೊವಿಯೊ ಬರೆದಿಟ್ಟಿದ್ದ ನೋಟುಪುಸ್ತಕ ಓದಲು ಬಂತು. ನಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಅಕ್ಷರದಲ್ಲಿ. ಅದರಲ್ಲಿ ಹನ್ನೊಂದು ವೊವಿಯೊಗಳೂ ಇವೆ, ಇನ್ನೂ ಮೂವತ್ತು ಇವೆ. ಎಳೆಯಬೇಕಾದ ಅಕ್ಷರಗಳ ಮೇಲೆ ಅವಳು ಪೆನ್ಸಿಲಿನಲ್ಲಿ ಬಾಲ ಬಿಡಿಸಿದ್ದಾಳೆ. ಕೆಲವು ಬಾಲ ಉದ್ದ, ಕೆಲವು ಗಿಡ್ಡ, ಕೆಲವು ನಡುವೆ ಗಂಟು ಹಾಕಿಕೊಂಡಿವೆ. ಗಂಟು ಹಾಕಿಕೊಂಡ ಬಾಲವನ್ನು ಹೇಗೆ ಹಾಡುವುದೆಂದು ಚಿಕ್ಕಮ್ಮನನ್ನು ಕೇಳಿದೆ. ನಾವೆಲ್ಲ ಹಿಂದೆ ಕೂತು ತಿರುಗಿ ಹೇಳುವವರು, ಗಂಟೆಲ್ಲ ಅವಳದ್ದು ಎಂದರು. ಚಿಕ್ಕಮ್ಮನ ಮದುವೆಯ ವಿಡಿಯೊದಲ್ಲಿ ಅಮ್ಮ ರೋಸಿಗೆ ವೊವಿಯೊ ಹೇಳುತ್ತಿರುವುದು ಮೂರು ನಿಮಿಷ ಇದೆ. ಬಾಯಿ ಕಾಣುತ್ತದೆ, ಇಳಿಯುವ ಎಡಭುಜ ಕಾಣುತ್ತದೆ. ವಿಡಿಯೊದವನು ಅದರ ಮೇಲೆ ಪೂರ್ತಿ ಕೀಬೋರ್ಡಿನ ಸಂಗೀತ ಹಾಕಿದ್ದಾನೆ. ಮೂಲದ ಟೇಪು ಕೇಳಲು ಹೋದರೆ ಸ್ಟುಡಿಯೊ ಇದ್ದಲ್ಲಿ ಮೊಬೈಲ್ ಅಂಗಡಿ. ಪಪ್ಪನ ಫೋನಿನಲ್ಲಿ ಅಮ್ಮ ಮಾತಾಡಿದ ಎರಡು ತುಣುಕುಗಳಿವೆ. ಒಂದರಲ್ಲಿ ನನ್ನನ್ನು ಕರೆದು "ಜೋಯ್, ಇತ್ತ ನೋಡು" ಎನ್ನುತ್ತಾಳೆ, ಇನ್ನೊಂದರಲ್ಲಿ ಮೀನು ಎಷ್ಟೆಂದು ಕೇಳುತ್ತಾಳೆ. ಮಾತು ಇದೆ. ಹಾಡು ಇಲ್ಲ.

ಪಪ್ಪ ಹನ್ನೊಂದು ಹಾಡುಗಳನ್ನು ಸಿದ್ಧಗೊಳಿಸಿ ಸಿ.ಡಿ. ಮಾಡಿದರು, ಇಂಟರ್‌ನೆಟ್ಟಿಗೂ ಹಾಕಿದರು. ನನಗೊಂದು ಪ್ರತಿ ಬಂತು. ಹಾಡಿದವರು ಫೆಲಿಕ್ಸ್, ಗಿಟಾರು ಲ್ಯಾನ್ಸಿ, ಅಂದರೆ ಪಪ್ಪ, ಮೌತ್ ಆರ್ಗನ್ ಹಮೀದ್ ಎಂದಿತ್ತು. ರಾಗ ಎನ್ನುವ ಕಡೆ 'ಸಾಂಪ್ರದಾಯಿಕ' ಎಂದಿತ್ತು. ನನಗೆ ಹನ್ನೆರಡು ವರ್ಷ, ಸಿ.ಡಿ.ಯನ್ನು ತೆಗೆದು ಅಂಗಳಕ್ಕೆ ಎಸೆದೆ. ಚಿಕ್ಕಮ್ಮ ಹೆಕ್ಕಿ ತಂದು ಒರೆಸಿಟ್ಟರು. ಸಾಂಪ್ರದಾಯಿಕ ಎಂದರೆ ಯಾರೂ ಅಲ್ಲದವರು ಎಂದು ಕೇಳುವವರಿಗೆ ಅನಿಸಬಹುದು. ನಮ್ಮ ಮನೆಯಲ್ಲಿ ಅದು ಒಂದೂವರೆಯ ಒಳಗೆ ಪಾತ್ರೆ ತೊಳೆದು, ಕಪಾಟಿನೊಳಗೆ ಮುಖ ಹಾಕಿ ನಿಲ್ಲುತ್ತಿದ್ದ ಹೆಂಗಸು. ಆ ಹಾಡುಗಳನ್ನು ಕೇಳಿದ ಯಾರೋ, ಗಿಟಾರು ಥೇಟ್ ಹೆಂಗಸು ಹಾಡಿದ ಹಾಗಿದೆ ಎಂದು ಕೆಳಗೆ ಬರೆದಿದ್ದರು. ಪಪ್ಪ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿ, ನೋಡು, ಅವಳು ಅದರಲ್ಲಿದ್ದಾಳೆ ಎಂದರು. ಆ ಮಾತು ಅವರಿಗೆ ಸಮಾಧಾನ ಕೊಟ್ಟಿರಬಹುದು. ನನಗೆ ಸಿಟ್ಟು ಬಂತು. ಪೈಪು ಪೈಪೇ. ಅದು ಎಲ್ಲಿ ಏರಬೇಕೆಂದು, ಎಲ್ಲಿ ಇಳಿಯಬೇಕೆಂದು ಅವಳಿಂದ ಕಲಿತಿದೆ, ಅಷ್ಟೆ. ಅದಕ್ಕೆ ಗಂಟಲಿಲ್ಲ.

ಆ ಹಾಡುಗಳನ್ನು ನಾನು ಕೇಳಿದ್ದು ಹಾಡು ಕೇಳುವವರಂತೆ ಅಲ್ಲ. ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ಮೊದಲಿನ ಜಾಗಗಳನ್ನು ಕೇಳುತ್ತಿದ್ದೆ. ಫೆಲಿಕ್ಸ್ ಅಂಕಲ್ ಅವಳ ಗೈಡನ್ನು ಇಯರ್‌ಫೋನಿನಲ್ಲಿ ಜೋರಾಗಿ ಇಟ್ಟುಕೊಂಡು ಹಾಡುತ್ತಿದ್ದರು. ಅದರ ಒಂದು ಎಳೆಯಾದರೂ ಮೈಕಿಗೆ ಸೋರಿರಬೇಕು ಎಂದು ನನ್ನ ಲೆಕ್ಕ. ಆದರೆ ಪಪ್ಪ ಅಂಥ ಜಾಗಗಳನ್ನೆಲ್ಲ ಒಂದೊಂದಾಗಿ ಗುಡಿಸಿದ್ದರು. ವಿಮಾನ, ಕುರ್ಚಿಯ ಕಿರಕಿರ, ಮೂಗು ಎಳೆದ ಸದ್ದು, ಏನೂ ಇಲ್ಲ. ಹೋಟೆಲಿನ ಕೋಣೆಯಂತೆ ಚೊಕ್ಕ. ನಾವು ಆ ಮನೆಯಲ್ಲಿ ಇದ್ದೆವು ಎಂಬ ಗುರುತೇ ಇಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ, ರಜೆಗೆ ವಿಸಿಟ್ ವೀಸಾದಲ್ಲಿ ನಾನು ಪಪ್ಪನ ಹತ್ತಿರ ಹೋದೆ. ಅಲ್ ನಹ್ದಾದ ಮನೆ ಬಿಟ್ಟು ಅವರು ಆಗ ಬರ್ ದುಬೈಯಲ್ಲಿ ಇನ್ನೊಂದು ಕುಟುಂಬದ ಜೊತೆ ಒಂದು ಕೋಣೆ ಹಂಚಿಕೊಂಡಿದ್ದರು. ಫೆಲಿಕ್ಸ್ ಅಂಕಲ್ ಅಬುಧಾಬಿಯ ಬೇರೆ ಹೋಟೆಲಿಗೆ ಹೋಗಿದ್ದರು. ಅವರ ಹಳೆಯ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಉಂಟು, ಅದರಲ್ಲಿ ಹಿಲ್ಡಕ್ಕನ ಗೈಡ್ ಕೇಳ್ತದೆ ಎಂದು ಅವರೇ ಫೋನ್ ಮಾಡಿ ಹೇಳಿದರು. ಮರುದಿನ ಬೆಳಿಗ್ಗೆಯೇ ನಾನೂ ಪಪ್ಪನೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಪಪ್ಪ ಸಂಗೀತದ ಬಗ್ಗೆ ಏನೇನೋ ಹೇಳುತ್ತಿದ್ದರು, ನಾನು ಕೇಳಲಿಲ್ಲ. ನೋಟುಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಗಂಟು ಹಾಕಿಕೊಂಡ ಬಾಲದ ಒಂದೇ ಒಂದು ಜಾಗ ಕೇಳಿಸಿದರೆ ಉಳಿದದ್ದನ್ನೆಲ್ಲ ನಾನೇ ಬಿಡಿಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

ಫೆಲಿಕ್ಸ್ ಅಂಕಲ್ ಸ್ಟಾಫ್ ಕ್ವಾರ್ಟರ್ಸಿನ ಬಂಕ್ ಮಂಚದ ಮೇಲೆ ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಒಡೆದ ಗಾಜಿನ ಫೋನಿಗೆ ಚಾರ್ಜರ್ ಸಿಕ್ಕಿಸಿದರು. ಮೂರನೆಯ ಹಾಡು. ಆ ಹಾಡಿನ ದಿನ ಬಾಂಗಿಗೆಂದು ರೆಕಾರ್ಡಿಂಗ್ ನಿಲ್ಲಿಸಿ ಎಸಿ ಹಾಕಿದ ಬಿಡುವಿನಲ್ಲಿ, ನಮ್ಮ ಹಾಲಿನಲ್ಲಿ ಕೂತು ಅವರು ಪ್ರಾಕ್ಟೀಸ್ ಮಾಡುತ್ತಿದ್ದಾಗ, ತನ್ನದನ್ನು ತಾನೇ ಕೇಳಿ ತಿದ್ದಿಕೊಳ್ಳಲೆಂದು ಹಿಡಿದದ್ದು. ಪಕ್ಕದಲ್ಲಿ ಮಷಿನು ತನ್ನ ಸಣ್ಣ ಸ್ಪೀಕರಿನಲ್ಲಿ ಅಮ್ಮನ ಗೈಡನ್ನು ನುಡಿಸುತ್ತಿತ್ತು. ಗುಂಡಿ ಒತ್ತಿದರು. ಎಸಿಯ ಗುಂಯ್ ಶಬ್ದ ಬಂತು. ಕುಕ್ಕರ್ ಕೂಗಿತು. ನಾನು ಪಪ್ಪನ ಕೈ ಹಿಡಿದುಕೊಂಡೆ. ಆಮೇಲೆ ಫೆಲಿಕ್ಸ್ ಅಂಕಲ್ ಹಾಡತೊಡಗಿದರು, ಫೋನು ಅವರ ಬಾಯಿಯ ಎದುರಿಗೇ ಇತ್ತು. ಮೊದಲಿಂದ ಕೊನೆಯವರೆಗೂ ಅವರೇ. ಅವರ ಧ್ವನಿಯ ಹಿಂದೆ ಏನೋ ತೆಳ್ಳಗೆ ಅಂಟಿಕೊಂಡ ಹಾಗಿತ್ತು, ಬಟ್ಟೆಗೆ ಹಾಕಿದ ಅಸ್ತರಿನ ಹಾಗೆ. ಬಿಡಿಸಿ ಕೇಳಲು ಆಗುತ್ತಿರಲಿಲ್ಲ. ಅವರು ಬಾಯಿ ಮುಚ್ಚುವುದನ್ನು ಕಾದೆ. ಅವರು ಬಾಯಿ ಮುಚ್ಚಿದಾಗ ಅವಳೂ ಮುಚ್ಚುತ್ತಿದ್ದಳು. ಅವರು ಉಸಿರು ತೆಗೆದುಕೊಂಡದ್ದು ಅವಳು ಉಸಿರು ತೆಗೆದುಕೊಂಡ ಜಾಗದಲ್ಲೇ. ನಾಲ್ಕು ಸಲ ಕೇಳಿದೆವು.

"ಗಂಟು ಬಂದಲ್ಲಿ ನೋಡಿದ್ಯಾ ಜೋಯ್?" ಎಂದರು ಫೆಲಿಕ್ಸ್ ಅಂಕಲ್. ಅವರ ಕಣ್ಣು ತುಂಬಿತ್ತು. "ಅಕ್ಕ ಹೇಗೆ ಹೇಳಿದ್ರೋ ಹಾಗೇ ಹೇಳಿದ್ದೇನೆ. ಒಂದು ಉಸಿರು ಕೂಡ ತಪ್ಪಲಿಲ್ಲ ನಾನು."

"ತಪ್ಪಬೇಕಿತ್ತು ಅಂಕಲ್" ಎಂದೆ.

ಅವರು ಪಪ್ಪನ ಮುಖ ನೋಡಿದರು. ಪಪ್ಪ ಚಹಾದ ಲೋಟ ನೋಡುತ್ತಿದ್ದರು. ನಾನು ಹಾಗೆ ಹೇಳಬಾರದಿತ್ತು. ಕಲಿಸಿದ್ದನ್ನು ಪ್ರೀತಿಯಿಂದ, ಚಾಚೂ ತಪ್ಪದೆ ಕಲಿತದ್ದು ಅವರ ತಪ್ಪಲ್ಲ. ಒಂದು ಸಾಲಿನಲ್ಲಿ ಅವರು ಮರೆತಿದ್ದರೆ, ಒಮ್ಮೆ ಕೆಮ್ಮಿದ್ದರೆ, ಒಂದು ಕಡೆ ತಡವಾಗಿ ಹಿಡಿದಿದ್ದರೆ ಆ ಬಿರುಕಿನಲ್ಲಿ ಅವಳು ಒಬ್ಬಳೇ ಸಿಗುತ್ತಿದ್ದಳು. ಅವರು ಅಷ್ಟು ಚೆನ್ನಾಗಿ ಕಲಿತದ್ದರಿಂದ ಅವಳಿಗೆ ಜಾಗವೇ ಉಳಿಯಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ನಾನೂ ಪಪ್ಪನೂ ಮೊದಲ ಸಲ ಆ ಶುಕ್ರವಾರದ ಮಾತು ಆಡಿದೆವು.

"ಅವಳು ಕೇಳ್ಬೇಕು ಅಂದಳಲ್ಲ ಪಪ್ಪ. ಬೇಡ ಅಂತ ಯಾಕೆ ಹೇಳಿದ್ದು ನೀವು?"

"ಬಾಂಗ್ ಆಗ್ತಿತ್ತು."

"ಬಾಂಗ್ ಆದ ಮೇಲೂ ದಿನ ಇತ್ತಲ್ಲ?"

"ಅಳಿಸ್ಬೇಕು ಅಂತ ಅವಳದ್ದೇ ಹಟ ಅಲ್ವಾ, ಪುತಾ? ಹತ್ತು ಹಾಡು ಅಳಿಸಿಯೇ ಇತ್ತು. ಇದೂ ಹಾಗೇ ಅಂತ ಒತ್ತಿಬಿಟ್ಟೆ."

"ನೀವು ಒತ್ತಿದ್ದಲ್ಲ. ನಾನು."

"ನಾನೇ ಒತ್ತಿದ್ದು. ನೀನು ಸಣ್ಣವಳು, ನಿಂಗೆ ನೆನಪಿಲ್ಲ."

"ಪಪ್ಪ, ನಂಗೆ ನೆನಪುಂಟು."

"ನಾನೇ ಒತ್ತಿದ್ದು ಅಂದೆನಲ್ಲ. ಖಲಾಸ್."

ಅವರು ಕಿಟಕಿಯ ಕಡೆ ತಿರುಗಿದರು. ನನ್ನ ಮೇಲಿನ ಭಾರವನ್ನು ತಾನು ಹೊತ್ತುಕೊಳ್ಳಲು ನೋಡಿದರು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಅದೂ ಸಿಟ್ಟನ್ನೇ ತರಿಸಿತು. ಅವಳ ಹಾಡಿನ ಜೊತೆ ನನಗೆ ಉಳಿದಿದ್ದ ಒಂದೇ ಸಂಬಂಧ ಅದು, ಗುಂಡಿಯ ಮೇಲಿದ್ದ ನನ್ನ ಬೆರಳು. ಅದನ್ನೂ ಗುಡಿಸಿ ಚೊಕ್ಕ ಮಾಡಲು ಹೊರಟಿದ್ದರು. ನಾವಿಬ್ಬರೂ ಆಮೇಲೆ ಆ ವಿಷಯ ಎತ್ತಿಲ್ಲ. ಪಪ್ಪ ಈಗ ಗಿಟಾರು ಮುಟ್ಟುವುದಿಲ್ಲ. ತಾಮ್ರದ ತುಂಡು ನನ್ನ ಮೇಜಿನ ಮೇಲಿದೆ, ಹಸಿರುಗಟ್ಟಿದೆ.

ಇದನ್ನು ಬರೆಯುವ ಮೊದಲು ಹನ್ನೊಂದನೆಯ ಹಾಡನ್ನು ಮತ್ತೊಮ್ಮೆ ಹಾಕಿ ಕೇಳಿದೆ. ಎರಡನೆಯ ಪದ್ಯದಲ್ಲಿ ಗಿಟಾರು ಒಂದು ಕ್ಷಣ ತಡೆದು ಮತ್ತೆ ಹಿಡಿದುಕೊಳ್ಳುತ್ತದೆ. ಪಪ್ಪ ಅದನ್ನು ತಿದ್ದಿಲ್ಲ. ಯಾಕೆ ತಡೆಯಿತೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ನಾಲ್ಕನೆಯ ಟ್ರ್ಯಾಕಿನಲ್ಲಿ ಹಮೀದ್ ಅಂಕಲ್ ಬಹಳ ಚೆನ್ನಾಗಿ ನುಡಿಸಿದ್ದಾರೆ. ಅದರ ಕೆಳಗೆ ಅಮ್ಮ ಹಾಡಿದ್ದು ಇಲ್ಲ.